ನೀರು ಕುಡಿಸದ ಬಟ್ಟೆ

ಎಲ್ಲಾ ಶುರುವಾಗಿದ್ದು ಗೋವಿಂದಯ್ಯನ ಬೆನ್ನಿನ ಬೆವರುಸಾಲೆಯಿಂದ.

ನಂಜನಗೂಡಿನಿಂದ ತಿ. ನರಸೀಪುರದವರೆಗೆ ಕಪಿಲೆಯಲ್ಲಿ ಎಲ್ಲಿ ಬಂಡೆ, ಎಲ್ಲಿ ಮಡು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಮನುಷ್ಯ ಆತ. ಆ ಒಂದು ವಿದ್ಯೆಯ ಮೇಲೆ ನರಸೀಪುರದ ಹತ್ತಿರ ಹೊಳೆದಂಡೆಯಲ್ಲಿ ರಾಜೇಂದ್ರ ನಡೆಸುತ್ತಿದ್ದ ಕ್ಯಾಂಪಿನಲ್ಲಿ ಕೆಲಸಕ್ಕೆ ಸೇರಿದ್ದ. ಅಲ್ಲಿಗೆ ದೊಡ್ಡ ದೊಡ್ಡ ಊರುಗಳಿಂದ ಜನ ಫ್ಲೈ ಫಿಶಿಂಗಿಗೆ ಬರುತ್ತಿದ್ದರು. ಪುಕ್ಕ ಕಟ್ಟಿದ ಹುಸಿ ಹುಳವನ್ನು ಗಾಳಕ್ಕೆ ಸಿಕ್ಕಿಸಿ, ಸೊಂಟದುದ್ದ ನೀರಿನಲ್ಲಿ ನಿಂತು, ಉದ್ದನೆಯ ದಾರವನ್ನು ಗಾಳಿಯಲ್ಲಿ ಬೀಸಿ ಬೀಸಿ ಮೀನು ಹಿಡಿಯುವುದು. ಹಿಡಿದದ್ದನ್ನು ಎತ್ತಿ ತೋರಿಸಿ ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುವುದು. ಸಾರಿಗೆ ಬಾರದ ಮೀನಿಗೆ ಇಷ್ಟು ಪಾಡು ಯಾಕೆ ಎಂದು ಗೋವಿಂದಯ್ಯನ ಹೆಂಡತಿ ಇಂದ್ರಾಣಿ ಅವನನ್ನು ಕೇಳಿ ಕೇಳಿ ಸುಸ್ತಾಗಿದ್ದಳು.

ಅವರ ಸಾಮಾನೆಲ್ಲ ಹೊರುತ್ತಿದ್ದವನು ಗೋವಿಂದಯ್ಯ. ಹುಳದ ಡಬ್ಬಿ, ದಾರದ ಸುರುಳಿ, ಇಕ್ಕಳ, ನೀರಿನ ಬಾಟ್ಲು, ಬಲೆ. ಅದಕ್ಕೆಂದು ರಾಜೇಂದ್ರ ಒಂದು ಹದಿನಾರು ಜೇಬಿನ ದಪ್ಪ ಅಂಗಿ ಕೊಟ್ಟಿದ್ದ. ಯಾವ ಚಳಿ ದೇಶದವರಿಗೆ ಹೊಲಿದದ್ದೋ, ಫೆಬ್ರವರಿ ಬಿಸಿಲಲ್ಲೇ ಅದನ್ನು ತೊಟ್ಟರೆ ಮೈ ಬೆಂದುಹೋಗುತ್ತಿತ್ತು. ಜೇಬಿಗೆ ನುಗ್ಗಿದ ನೀರು ಹೊರಗೆ ಹೋಗುತ್ತಿರಲಿಲ್ಲ. ಸಂಜೆ ಅಂಗಿ ಬಿಚ್ಚಿದರೆ ಭುಜದ ಚರ್ಮ ಕಿತ್ತು, ಬೆನ್ನ ತುಂಬಾ ಕೆಂಪು ಗುಳ್ಳೆ.

ಇಂದ್ರಾಣಿ ಬದನವಾಳಿನ ದರ್ಜಿ. ಇಪ್ಪತ್ತೆರಡು ವರ್ಷದಿಂದ ಖಾದಿ ಬಟ್ಟೆ ಹೊಲಿದ ಕೈ. ಗಂಡನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರುತ್ತ ಕೂತಳು. ಬನ್ನೂರಿನ ಕಡೆ ನಾಟಿಗೆ ಹೋಗುವ ಹೆಂಗಸರು ನೆನಪಾದರು. ಮಂಡಿಯುದ್ದ ಕೆಸರಲ್ಲಿ ದಿನವಿಡೀ ಬಗ್ಗಿದರೂ ಅವರ ಎಲೆಯಡಿಕೆ ಚೀಲಕ್ಕೆ ನೀರು ಸೋಕುವುದಿಲ್ಲ. ಸೆರಗನ್ನು ಮೇಲಕ್ಕೆತ್ತಿ ಮಡ್ಲು ಕಟ್ಟಿಕೊಂಡಿರುತ್ತಾರೆ. ಹಾಗೇ ಒಂದು ಚೀಲ ಹೊಲಿದಳು. ಎದೆಯ ಮೇಲೆ ಎತ್ತರಕ್ಕೆ ಕೂರುವಂಥದು. ಬೆನ್ನಿಗೆ ಬಟ್ಟೆಯೇ ಇಲ್ಲ, ಅಡ್ಡಡ್ಡ ಎರಡು ಪಟ್ಟಿ ಅಷ್ಟೆ, ಗಾಳಿಯಾಡಲಿ ಎಂದು. ತಳಕ್ಕೆ ಬಿಡಿ ನೇಯ್ಗೆಯ ಬಟ್ಟೆ, ಹೊಕ್ಕ ನೀರು ಇಳಿದುಹೋಗಲಿ ಎಂದು. ಮುಚ್ಚಳ ಮುಂದಕ್ಕೆ ಬಿದ್ದರೆ ಪುಟ್ಟ ಮಣೆ. ಅದರ ಮೇಲೆ ಡಬ್ಬಿ ಇಟ್ಟು ಹುಳ ಬದಲಾಯಿಸಬಹುದು. ಪಟ್ಟಿಯ ಕೊನೆ ಕಂಕುಳಡಿಯಿಂದ ಎದೆಗೇ ಬರುತ್ತಿತ್ತು, ಅಲ್ಲಿ ಜೀರುಗುಣಿಕೆ. ಕಾಲು ಜಾರಿದರೆ ಒಂದು ತುದಿ ಎಳೆದರೆ ಸಾಕು, ಚೀಲ ಕಳಚಿ ಬರಬೇಕು. ಒಳಗಡೆ ಕೆಂಪು ದಾರದಲ್ಲಿ ತನ್ನ ಹೆಸರು ಹೊಲಿದಳು: ಇಂದ್ರಾಣಿ, ಬದನವಾಳು.

ಹದಿನೈದು ದಿನದಲ್ಲಿ ಬೆವರುಸಾಲೆ ಮಾಯವಾಯಿತು. ಚೀಲ ರಾಜೇಂದ್ರನ ಕಣ್ಣಿಗೆ ಬಿತ್ತು.

ಅವನೇ ಕಾರು ಮಾಡಿಕೊಂಡು ಬದನವಾಳಿಗೆ ಬಂದ. ಮೂವತ್ತೈದರ ಹುಡುಗ, ಬಾಯಿ ತುಂಬ ಅಕ್ಕ. "ಅಕ್ಕ, ಇಂಥವು ನಲವತ್ತು ಬೇಕು. ನಿಮ್ಮೂರ ಹೆಂಗಸ್ರೇ ಹೊಲೀಲಿ. ಚೀಲದ ಮೇಲೆ ನಿಮ್ಮ ಹೆಸ್ರೇ ಹಾಕ್ಸೋಣ. ಇದನ್ನ ಗೆಸ್ಟ್‌ಗಳಿಗೆ ತೋರ್ಸಿ ತಂದ್ಕೊಡ್ತೀನಿ."

ಇಂದ್ರಾಣಿ ಉಬ್ಬಿಹೋದಳು. ಚೀಲ ಕೊಟ್ಟಳು. ಇದರ ಗುಟ್ಟೇನು ಎಂದು ಅವನು ಕೇಳಿದಾಗ ಅದನ್ನೂ ಮುಚ್ಚಿಡದೆ ಹೇಳಿದಳು. "ಮೊದ್ಲು ಬಟ್ಟೆಗೆ ಮೂರು ದಿನ ನೀರು ಕುಡಿಸ್ಬೇಕು ಕಣಪ್ಪ. ಆಮೇಲೆ ಕತ್ರಿ."

ರಾಜೇಂದ್ರ ನಕ್ಕ. "ಹೊಳೇಲೇ ಇರೋ ಚೀಲ ಅಕ್ಕ. ಬೇಕಾದಷ್ಟು ಕುಡಿಯತ್ತೆ ಬಿಡಿ."

ಆ ಸಂಜೆ ಪಕ್ಕದ ಮನೆ ಚಲುವಮ್ಮ, ಖಾದಿ ನೂಲುವವಳು, ವಿಷಯ ಕೇಳಿ ಕಣ್ಣರಳಿಸಿದಳು. "ಚೀಲದ್ ಮ್ಯಾಲೆ ನಿನ್ ಎಸ್ರು ಬತ್ತದಾ? ದಿಟವಾಗ್ಲೂ?" ಆಮೇಲೆ ಸಿಕ್ಕಿದಾಗಲೆಲ್ಲ ಅದೇ ಪ್ರಶ್ನೆ. ಎಸ್ರು ಬಂತಾ?

ಬರಲಿಲ್ಲ. ಎರಡು ತಿಂಗಳು ರಾಜೇಂದ್ರ ಫೋನೇ ಎತ್ತಲಿಲ್ಲ. ಕೊನೆಗೆ ಇಂದ್ರಾಣಿ ಬಸ್ಸು ಹತ್ತಿ ಕ್ಯಾಂಪಿಗೆ ಹೋದಳು. ಆಫೀಸಿನ ಗೋಡೆಯ ಮೇಲೆ ನಲವತ್ತು ಚೀಲ ಸಾಲಾಗಿ ನೇತಾಡುತ್ತಿದ್ದವು. ಮೈಸೂರಿನ ಯಾವುದೋ ಮಿಷನ್ ಅಂಗಡಿಯಲ್ಲಿ ಹೊಲಿಸಿದ್ದು. ಎದೆಯ ಮೇಲೆ ಹಸಿರು ಲೇಬಲ್: ರಾಜೇಂದ್ರ, ಕಪಿಲಾ ಪ್ಯಾಕ್. ಅವಳ ಮೂಲದ ಚೀಲ ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿಸಿಕೊಂಡು, ತುಂಡು ತುಂಡಾಗಿ ಬಿದ್ದಿತ್ತು. ಅಳತೆಗೆ ಬಿಚ್ಚಿದ್ದರು.

"ಅಕ್ಕ, ಬೇಜಾರಾಗ್ಬೇಡಿ. ನಿಮ್ಮ ಕೈಗೆ ಫಿನಿಷಿಂಗ್ ಬರಲ್ಲ," ಎಂದ ರಾಜೇಂದ್ರ, ಇಬ್ಬರು ಗೆಸ್ಟುಗಳ ಎದುರಿಗೇ. "ಗಂಡನ ಚೀಲಕ್ಕೆ ಸರಿ. ಇದು ಬ್ರ್ಯಾಂಡು."

ಇಪ್ಪತ್ತೆರಡು ವರ್ಷದ ಕೈಗೆ ಆ ಮಾತು. ಇಂದ್ರಾಣಿ ಆ ತುಂಡುಗಳನ್ನು ಸೆರಗಿಗೆ ಹಾಕಿಕೊಂಡು, ಬಸ್ಸಿಗೆ ಬಂದಳು. ಮನೆಯಲ್ಲಿ ಗೋವಿಂದಯ್ಯ, "ಬುಡಮ್ಮಿ ಅತ್ಲಾಗೆ. ಚೀಲ ತಾನೆ. ನನ್ ಕೆಲ್ಸ ಅವನ್ ಕೈಲೇ ಅದೆ," ಎಂದ. ಅವಳು ಬಿಡಲಿಲ್ಲ. ರೊಟ್ಟಿ ತಟ್ಟುವಾಗ, ಮಿಷನ್ ತುಳಿಯುವಾಗ, ನಿದ್ದೆಯಲ್ಲಿ ಕೂಡ ಆ ಹಸಿರು ಲೇಬಲ್ ಕಣ್ಣ ಮುಂದೆ ಇತ್ತು. ಅವನ ಬಾಯಿಂದಲೇ, ಹತ್ತು ಜನರ ಎದುರು, ಇದು ಇಂದ್ರಾಣಿಯ ಕೆಲಸ ಎಂದು ಹೇಳಿಸಬೇಕು. ಅಲ್ಲಿಯವರೆಗೆ ತನಗೆ ಅನ್ನ ಸೇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ದಾರಿ ಮನೆಗೇ ನಡೆದುಬಂತು. ಗೋವಿಂದಯ್ಯ ಹೊಸ ಚೀಲ ಒಂದನ್ನು ತಂದ. ಭಾನುವಾರ ಗೆಸ್ಟುಗಳ ಮುಂದೆ, ವಿಡಿಯೋದವರ ಮುಂದೆ ಅದನ್ನೇ ತೊಟ್ಟು ನೀರಿಗಿಳಿಯಬೇಕಂತೆ. ರಾಜೇಂದ್ರನೂ ಒಂದು ತೊಡುತ್ತಾನಂತೆ. ಇಂದ್ರಾಣಿ ಚೀಲವನ್ನು ಮೂಗಿಗೆ ಹಿಡಿದಳು. ಗಂಜಿಯ ವಾಸನೆ. ಖಾದಿಯೇ, ಆದರೆ ಥಾನಿನಿಂದ ಎಳೆದು ಹಾಗೇ ಕತ್ತರಿಸಿದ ಬಟ್ಟೆ, ನೀರೇ ಕಂಡಿಲ್ಲ. ನೀರು ಕುಡಿಸುವುದು ಅಂದರೇನು ಎಂದು ಖಾದಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ: ಕೈನೂಲಿನ ಬಟ್ಟೆ ಮೊದಲ ಸಲ ನೆನೆದು ಒಣಗುವಾಗ ಗೇಣುಗಟ್ಟಲೆ ಕುಗ್ಗುತ್ತದೆ. ಕುಗ್ಗುವುದೆಲ್ಲ ಕುಗ್ಗಿ ಮುಗಿದ ಮೇಲೆ ಕತ್ತರಿ ಇಡಬೇಕು. ರಾಜೇಂದ್ರ ಅದನ್ನು ತಮಾಷೆ ಎಂದುಕೊಂಡಿದ್ದ.

ಖಾತ್ರಿಗೆ ಚೀಲವನ್ನು ಬಕೆಟ್ಟಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದಳು. ಸಂಜೆಗೆ ಅದು ಅಂಗನವಾಡಿ ಕೂಸಿಗೆ ಆಗುವ ಹಾಗಿತ್ತು. ಇಂದ್ರಾಣಿ ಹಿತ್ತಿಲಲ್ಲಿ ಒಬ್ಬಳೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮನೆಯಲ್ಲಿದ್ದ ನೀರು ಕುಡಿದ ಬಟ್ಟೆಯಲ್ಲಿ ಗಂಡನಿಗೆ ಬೇರೆಯದನ್ನು ಹೊಲಿದಳು, ಅಚ್ಚು ಅದೇ ಥರ. ರಾಜೇಂದ್ರನಿಗೆ ಅನುಮಾನ ಬಾರದಿರಲಿ ಎಂದು ಕುಗ್ಗಿದ ಚೀಲದ ಹಸಿರು ಲೇಬಲ್ ಬಿಚ್ಚಿ, ತನ್ನ ಕೈಯಾರೆ, ಇದರ ಎದೆಗೆ ಹಚ್ಚಿದಳು. ಒಳಗೆ ಕೆಂಪು ದಾರ ಹಾಕಲಿಲ್ಲ.

ಶನಿವಾರ ರಾಜೇಂದ್ರನದೇ ಫೋನು. "ಅಕ್ಕ, ನಾಳೆ ಬನ್ನಿ. ದಡದಲ್ಲಿ ಚರಕ ಇಟ್ಕೊಂಡು ಕೂತ್ಕೊಳಿ. ವಿಡಿಯೋಗೆ ಚೆನ್ನಾಗಿರತ್ತೆ."

ದರ್ಜಿಯನ್ನು ಚರಕದ ಮುಂದೆ ಕೂರಿಸುತ್ತಾನಂತೆ! "ಬತ್ತೀನಪ್ಪ," ಎಂದಳು ಇಂದ್ರಾಣಿ. ಚಲುವಮ್ಮನ ಚರಕ ಕೇಳಿ ತಂದಳು. ಕತ್ತರಿಯನ್ನು ಮಡ್ಲಿಗೆ ಹಾಕಿಕೊಂಡಳು.

ಬೆಳಿಗ್ಗೆ ಎಂಟಕ್ಕೇ ಬಿಸಿಲು ಸುಡುತ್ತಿತ್ತು. ದಡದ ಮೇಲೆ ಹನ್ನೆರಡು ಗೆಸ್ಟುಗಳು, ಇಬ್ಬರು ಕ್ಯಾಮೆರಾದವರು. ಗಂಡನ ಎದೆಯ ಮೇಲೆ ಇಂದ್ರಾಣಿ ಜೀರುಗುಣಿಕೆ ಹಾಕಿದಳು. ರಾಜೇಂದ್ರ ತನ್ನ ಚೀಲ ತೊಟ್ಟು ಅವಳ ಎದುರಿಗೆ ನಿಂತ.

"ನಂಗೂ ಕಟ್ಟಿ ಅಕ್ಕ. ಏನಾದ್ರೂ ಕಮ್ಮಿ ಆಗಿದ್ಯಾ ನೋಡಿ."

ಅವಳು ಪಟ್ಟಿಯ ಎರಡೂ ತುದಿ ಕೈಗೆ ತೆಗೆದುಕೊಂಡಳು. ಬಟ್ಟೆ ನೀರು ಕುಡಿದಿಲ್ಲ ಎಂದು ಈಗಲೂ ಹೇಳಬಹುದಿತ್ತು. ಒಂದು ಸಲ ಹೇಳಿದ್ದೆನಲ್ಲ ಎಂದುಕೊಂಡಳು. "ಎಲ್ಲಾ ಸರಿಯಾಗೇ ಅದೆ ಕಣಪ್ಪ. ಗಂಟು ಬೆನ್ ಮ್ಯಾಲೆ ಇದ್ರೆ ಎದೆ ಚಂದಾಗಿ ಕಾಣ್ತದೆ, ವಿಡಿಯೋಗೆ," ಎಂದು ಅವನ ಕೈಗೆ ಎಟುಕದ ಕಡೆ, ಹಲ್ಲು ಕಚ್ಚಿ, ಕಗ್ಗಂಟು ಬಿಗಿದಳು.

ರಾಜೇಂದ್ರ ಸೊಂಟದುದ್ದ ನೀರಿಗೆ ಇಳಿದ. ದಾರ ಬೀಸಿದ. ಎದೆಯವರೆಗೂ ಮುಳುಗಿ ಎದ್ದು ತೋರಿಸಿದ. ದಡಕ್ಕೆ ಬಂದು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಭಾಷಣ ಮಾಡಿದ: ಬೇಸಿಗೆಯಲ್ಲಿ ಬೆನ್ನಿಗೆ ಗಾಳಿ ಬೇಕು, ಭಾರ ಎದೆಯ ಮೇಲಿರಬೇಕು, ನೀರು ಇಳಿಯಬೇಕು. ಅವಳ ಮಾತೇ, ಒಂದೂ ಬಿಡದೆ. "ಇದರ ಒಂದೊಂದು ಹೊಲಿಗೆನೂ ನನ್ನ ಐಡಿಯಾ," ಎಂದು ಮುಗಿಸಿದ. ಚರಕದ ಮುಂದೆ ಕೂತಿದ್ದ ಇಂದ್ರಾಣಿ ಎಲ್ಲ ಕೇಳಿಸಿಕೊಂಡಳು. ಆದರೆ ಕಣ್ಣು ಮಾತ್ರ ಅವನ ಪಟ್ಟಿಯ ಮೇಲೇ ಇತ್ತು. ಅದು ಆಗಲೇ ಭುಜಕ್ಕೆ ಕಚ್ಚಿಕೊಂಡಿತ್ತು. ಅವನು ಮಾತಿನ ಮಧ್ಯೆ ಎರಡು ಸಲ ಬೆರಳು ತೂರಿಸಿ ಸಡಿಲಿಸಲು ನೋಡಿದ್ದ.

ಎರಡನೇ ಸಲ ನೀರಿಗಿಳಿದಾಗ ಆಟ ಕೆಟ್ಟಿತು. ಡಬ್ಬಿ ತೆಗೆಯಲು ಹೋದ, ಮುಚ್ಚಳ ಏಳಲಿಲ್ಲ. ಡಬ್ಬಿಗಳೆಲ್ಲ ಪಕ್ಕೆಲುಬಿಗೆ ಒತ್ತಿಕೊಂಡಿದ್ದವು. ತಲೆಯ ಮೇಲಿಂದ ಕಳಚಲು ನೋಡಿದ, ಕಂಕುಳು ದಾಟಲಿಲ್ಲ. ಕೈ ಹಿಂದೆ ಹಾಕಿ ಗಂಟು ತಡಕಿದ, ಸಿಗಲಿಲ್ಲ. ಮುಖ ಕೆಂಪಾಯಿತು. ಉಸಿರಿಗೆ ಒದ್ದಾಡುತ್ತ ಎರಡು ಹೆಜ್ಜೆ ಹಿಂದಿಟ್ಟ, ಹಿಂದೆ ಮಡು. ಗೋವಿಂದಯ್ಯ ಹಾರಿ ಅವನ ತೋಳು ಹಿಡಿದು ಕೂಗಿದ. "ಇಂದ್ರಾಣಿ! ಕತ್ರಿ!"

ಇಂದ್ರಾಣಿ ಸೀರೆ ಎತ್ತಿ ಕಟ್ಟಿ, ಅವಸರವಿಲ್ಲದೆ ಇಳಿದಳು. ರಾಜೇಂದ್ರನ ಬೆನ್ನ ಹಿಂದೆ ನಿಂತು ಕತ್ತರಿಯ ತುದಿಯನ್ನು ಪಟ್ಟಿಯೊಳಗೆ ತೂರಿಸಿದಳು. ಹತ್ತು ಮಾರು ದೂರದಲ್ಲಿ ಕ್ಯಾಮೆರಾ ಇತ್ತು.

"ಯೋಳಪ್ಪ. ಯಾರ ಕೈ ಕೆಲ್ಸ ಇದು?"

"ನಿಮ್ದು ಅಕ್ಕ! ನಿಮ್ದೇ!" ದಡಕ್ಕೆಲ್ಲ ಕೇಳುವ ಹಾಗೆ ಕಿರುಚಿದ. "ಇಂದ್ರಾಣಿಯಕ್ಕನೇ ಮಾಡಿದ್ದು ಇದು! ನಾನಲ್ಲ!"

ಅನ್ನ ಸೇರದೆ ಕಾದ ಮಾತು. ಆದರೆ ಅದು ಕಿವಿಗೆ ಬಿದ್ದ ತಕ್ಷಣ ಇಂದ್ರಾಣಿಗೆ ಮೈ ಉರಿಯಿತು. ಎದೆ ಹಿಸುಕುವ ಈ ದರಿದ್ರ ಚೀಲವನ್ನು, ಎಲ್ಲರೂ ನೋಡುತ್ತಿರುವಾಗ, ಅವಳ ತಲೆಗೆ ಕಟ್ಟುತ್ತಿದ್ದ! ಚೆನ್ನಾಗಿದ್ದಾಗ ಅವನದು, ಕೆಟ್ಟಾಗ ಅವಳದು.

"ಇಲ್ಲ," ಎಂದಳು ಗಟ್ಟಿಯಾಗಿ. "ಇದು ನಂದಲ್ಲ. ಈ ಚೀಲಕ್ಕೂ ನಂಗೂ ಏನೂ ಸಂಬಂಧ ಇಲ್ಲ. ಒಂದೊಂದ್ ಒಲಿಗೆನೂ ನಂದು ಅಂದ್ಯಲ್ಲ ಈಗ? ಅದ್ನೇ ಇನ್ನೊಂದ್ ಸಲ ಯೋಳು. ಯೋಳುದ್ರೆ ಕತ್ರಿ."

"ಅಮ್ಮಿ, ಸಾಕು!" ಎಂದ ಗೋವಿಂದಯ್ಯ.

"ಯೋಳು."

"ನಂದು... ನಂದೇ! ಎಲ್ಲಾ ನಂದೇ!"

ಪಟ್ಟಿ ಫಟ್ಟೆಂದು ಹರಿಯಿತು. ರಾಜೇಂದ್ರ ನೀರಲ್ಲಿ ಮಂಡಿಯೂರಿ ಕೆಮ್ಮಿದ. ದಡದಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಇಂದ್ರಾಣಿಗೆ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಅಷ್ಟು ಹಿತವಾಗಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಗೋವಿಂದಯ್ಯ ದಡಕ್ಕೆ ಬಂದು ಒಂದು ತುದಿ ಎಳೆದ. ಅವನ ಚೀಲ ಸಲೀಸಾಗಿ ಕಳಚಿ ಬಂತು. ಒಬ್ಬ ವಯಸ್ಸಾದ ಗೆಸ್ಟು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದು ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು?" ಎಂದವರೇ ಹಸಿರು ಲೇಬಲ್ ಓದಿದರು. "ಓ, ಇದೂ ರಾಜೇಂದ್ರ ಅವರದೇ. ಪರವಾಗಿಲ್ಲ, ಒಳ್ಳೆಯದನ್ನೂ ಮಾಡ್ತಾರೆ."

ಅದು ನಂದು ಎನ್ನಲು ಇಂದ್ರಾಣಿ ಬಾಯಿ ತೆರೆದಳು. ಏನೆಂದು ಹೇಳುವುದು? ಆ ಲೇಬಲ್ ನಾನೇ ಹಚ್ಚಿದ್ದು ಎಂದರೆ, ಯಾಕೆ ಹಚ್ಚಿದೆ ಎಂದೂ ಹೇಳಬೇಕು. ನಂದಲ್ಲ ಎಂದು ಕೂಗಿ ಇನ್ನೂ ಐದು ನಿಮಿಷ ಆಗಿರಲಿಲ್ಲ.

ಮೊಪೆಡ್ಡು ನಂಜನಗೂಡು ದಾಟಿತು. "ಅವನ್ ಬೆನ್ ಮ್ಯಾಲಿದ್ದುದ್ದು ಕಗ್ಗಂಟು," ಎಂದ ಗೋವಿಂದಯ್ಯ. "ನಿನ್ ಕೈಲಿ ಕಗ್ಗಂಟು ತಪ್ಪಿ ಬೀಳೋದಿಲ್ಲ. ಇಂದೆ ಮಡು ಇತ್ತು ಕಣಮ್ಮಿ." ಅವಳು ತೊಡೆಯ ಮೇಲಿನ ಚರಕ ಬಿಗಿಯಾಗಿ ಹಿಡಿದುಕೊಂಡಳು. ಮಡು ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಕುತ್ತಿರಲಿಲ್ಲ ಎಂದು ಆಣೆ ಇಡಲು ಮಾತ್ರ ಅವಳಿಂದ ಆಗಲಿಲ್ಲ.

ಚಲುವಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು. "ಏನಾಯ್ತಮ್ಮಿ? ಎಸ್ರು ಬಂತಾ?"

"ಬಂತು ಕಣಕ್ಕ," ಎಂದಳು ಇಂದ್ರಾಣಿ. "ಎರಡ್ರ ಮ್ಯಾಲೂ ಅವಂದೇ."

ನಗಲು ಹೋದಳು, ಅರ್ಧಕ್ಕೇ ನಿಂತಿತು. ಜಗಲಿಯ ಮೇಲೆ ಕೂತು, ಗಂಡನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಅವಳ ಹೊಲಿಗೆ ಗಟ್ಟಿ. ಲೇಬಲ್ ಬೇಗ ಬರಲಿಲ್ಲ.