ತಾಟು ತೊಳೆದ ನೀರು

“ಇವತ್ತೊಂದಿನ ತಾಟು ತೊಳದು ಕುಡೀಬ್ಯಾಡ್ರಿ ಅಪ್ಪಾ. ಸಾಹೇಬ್ರು ಏನ್ ತಿಳ್ಕೋತಾರ?” ಸಿದ್ದರಾಮಪ್ಪ ಪಿಸುಗುಟ್ಟಿದ. “ಕುಡಿಯೋದೇ ಇದ್ರ ನಾಳಿಂದ ನಿಮ್ಮ ಊಟ ಅಡಗಿಮನ್ಯಾಗ.”

ಬಂಡೆಪ್ಪ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಸರಿನ ಮುಂದಿನ ಸಿದ್ದನನ್ನೂ ಹಿಂದಿನ ಅಪ್ಪನನ್ನೂ ಉದುರಿಸಿ ಆಫೀಸಿನಲ್ಲಿ ರಾಮರಾವ್ ಆಗಿದ್ದ ಈ ಮಹಾಶಯ, ಭಾಲ್ಕಿಯಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಅದೇ ನೀರು ಕುಡಿದು ಬೆಳೆದವನು. ಉಂಡದ್ದು ಪ್ರಸಾದ, ಒಂದು ಅಗುಳೂ ಮೋರಿಗೆ ಹೋಗಬಾರದೆಂದು ಅವರ ಮನೆಯ ಲಿಂಗವಂತರು ತಟ್ಟೆ ತೊಳೆದ ನೀರನ್ನೂ ಬಿಡುತ್ತಿರಲಿಲ್ಲ. ಹೈದರಾಬಾದಿಗೆ ಬಂದು ತಾರ್ನಾಕದಲ್ಲಿ ಮನೆ ಮಾಡಿದ ಮೇಲೆ ಮಗನಿಗೆ ಅದು ಹೊಲಸಾಗಿ ಕಂಡಿತು. ಕೊರಳಿನ ಲಿಂಗವೂ ಬೀರು ಸೇರಿತ್ತು.

ಆಫೀಸಿನ ಸಾಹೇಬರು ಊಟಕ್ಕೆ ಬಂದರು. ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೇ ಆಗಬಾರದೆಂದು ಹೆಂಡತಿ ಶಿವದೇವಿಯಿಂದ ಅವನು ತೆಲುಗರ ಪುಳಿಹೋರ, ಗೋಂಗೂರ ಮಾಡಿಸಿದ್ದ. ಸಾಹೇಬರು ಅರ್ಧ ಉಂಡು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟರು. ಹಸಿವಿದ್ದರೂ ಸಿದ್ದರಾಮಪ್ಪ ತಾನೂ ಅರ್ಧಕ್ಕೇ ಬಿಟ್ಟ. ಇಷ್ಟು ಭಕ್ತಿಯನ್ನು ಅವನು ದೇವರಿಗೂ ತೋರಿಸಿದವನಲ್ಲ.

ಅದೇ ಮೇಜಿನಲ್ಲಿ ಉಂಡು ಮುಗಿಸಿದ ಬಂಡೆಪ್ಪ ನಿಧಾನವಾಗಿ ತಮ್ಮ ತಟ್ಟೆಗೆ ನೀರು ಹಾಕಿಕೊಂಡರು. ಬೆರಳಾಡಿಸಿ ತೊಳೆದರು. ಎತ್ತಿ ಕುಡಿದರು.

ಸಾಹೇಬರ ಹುಬ್ಬು ಮೇಲೇರಿತು.

“ಔಷಧಿ ಸರ್,” ಸಿದ್ದರಾಮಪ್ಪ ತೆಲುಗಿನಲ್ಲಿ ತಡವರಿಸಿದ. “ತಟ್ಟೆಯಲ್ಲೇ ಕಲಸಿ ಕುಡಿಯುತ್ತಾರೆ. ಏನೋ ಒಂದು ರೋಗ.”

“ಅಯ್ಯೋ, ಏನು ರೋಗ?” ಸಾಹೇಬರು ಪಾಪ, ನಿಜವಾದ ಕನಿಕರದಿಂದಲೇ ಕೇಳಿದರು.

ಜಹೀರಾಬಾದಿನ ಸಂತೆಗಳಲ್ಲಿ ತೊಗರಿ ಮಾರಿದ ಬಂಡೆಪ್ಪನವರಿಗೆ ಮಗನಿಗಿಂತ ಚೆನ್ನಾದ ತೆಲುಗು ಬರುತ್ತಿತ್ತು. “ನಮ್ಮ ಮನೆತನದ್ದು,” ಎಂದರು ಅದೇ ಭಾಷೆಯಲ್ಲಿ. “ನಮ್ಮಪ್ಪನಿಂದ ನನಗೆ ಬಂತು. ನನ್ನ ಮಗನಿಗೆ ಹತ್ತಲಿಲ್ಲ. ಗಟ್ಟಿ ಆಸಾಮಿ.”

“ಒಳ್ಳೆಯದೇ ಆಯಿತು ಬಿಡಿ,” ಎಂದು ಸಾಹೇಬರು ಸಿದ್ದರಾಮಪ್ಪನ ಬೆನ್ನು ತಟ್ಟಿದರು. ಅವನು ನಕ್ಕ. ನಗದೆ ಏನು ಮಾಡಿಯಾನು?

ಮರುದಿನ ಮಧ್ಯಾಹ್ನ ಯಾರೂ ಮತ್ತೆ ಹೇಳುವ ಮೊದಲೇ ಬಂಡೆಪ್ಪ ತಮ್ಮ ತಟ್ಟೆ ಹಿಡಿದು ಅಡುಗೆಮನೆಗೆ ಹೋದರು. ಮೇಜಿನ ಮುಂದೆ ಒಬ್ಬನೇ ಕೂತ ಸಿದ್ದರಾಮಪ್ಪ ಅಡುಗೆಮನೆಯ ಕಡೆ ತಿರುಗಿದ.

“ಅಪ್ಪಾ, ಇಲ್ಲೇ ಬರ್ರಿ.”

“ಬ್ಯಾಡಪಾ,” ಒಳಗಿನಿಂದ ಉತ್ತರ ಬಂತು. “ನಿನಗ ಹತ್ತೀತು.”

ಬಡಿಸುತ್ತಿದ್ದ ಶಿವದೇವಿ ಪಾತ್ರೆ ಕೆಳಗಿಟ್ಟು, ತನ್ನ ತಟ್ಟೆ ತೆಗೆದುಕೊಂಡು ಒಳಗೆ ನಡೆದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ತಟ್ಟೆಗೆ ನೀರು ಸುರಿದ ಸದ್ದು ಕೇಳಿತು. ಅದರ ಹಿಂದೆಯೇ ಇನ್ನೊಂದು ತಟ್ಟೆಗೆ ಸುರಿದ ಸದ್ದು. ಸಿದ್ದರಾಮಪ್ಪನ ಕೈಯಲ್ಲಿ ಅನ್ನ ಒಣಗುತ್ತಿತ್ತು.