ಬಿಂದುಶ್ರೀಗೆ ಏನೇನು ಬರುತ್ತದೆ

ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಯಾವ ತಾಯಿಯನ್ನಾದರೂ ನಿಲ್ಲಿಸಿ, ನಿಮ್ಮ ಮಗು ಹೇಗೆ ಎಂದು ಕೇಳಿ ನೋಡಿ. "ಅಯ್ಯೋ, ಅದಾ? ತಿನ್ನೋದೊಂದು ಬತ್ತದೆ, ಇನ್ನೇನೂ ಬರಲ್ಲ" ಎನ್ನುತ್ತಾಳೆ. ಇವಳಿಗೆ ಮಗುವಿನ ಮೇಲೆ ಪ್ರೀತಿಯಿಲ್ಲ ಎಂದುಕೊಂಡರೆ ನಿಮ್ಮದೇ ತಪ್ಪು. ಹೊಗಳಿದರೆ ದೃಷ್ಟಿ ತಾಕುತ್ತದೆ, ಅದಕ್ಕೇ ಬೈದು ಕಾಪಾಡಿಕೊಳ್ಳುತ್ತಾಳೆ. ನಮ್ಮ ಕಡೆ ಇದು ಹಿಂದಿನಿಂದ ಬಂದದ್ದು. ಅಂಜನಮ್ಮನಂತೂ ಮೂರು ವರ್ಷಗಳಿಂದ ಇದನ್ನು ವ್ರತದ ಹಾಗೆ ಹಿಡಿದಿದ್ದಳು.

ಅಂಜನಮ್ಮ ಮತ್ತು ಅವಳ ಗಂಡ ಮುನಿರಾಜು ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗುವವರು. ಮಗಳು ಬಿಂದುಶ್ರೀ ಆ ಬೇಸಿಗೆಗೆ ಐದನೇ ತರಗತಿ ಮುಗಿಸಿದ್ದಳು. ಊರಿನ ಶಾಲೆಯೂ ಐದಕ್ಕೇ ಮುಗಿಯುತ್ತದೆ. ಬಂಗಾರಪೇಟೆಯಲ್ಲಿ ಹಾಸ್ಟೆಲ್ ಇರುವ ಒಂದು ಶಾಲೆಯಲ್ಲಿ ಆರನೇ ತರಗತಿಗೆ ಸೇರಿಸಿಕೊಳ್ಳುತ್ತಾರೆಂದು ತಿಳಿದು ಮುನಿರಾಜು ಅರ್ಜಿ ತಂದ. ಅಲ್ಲಿ ಸೀಟು ಸಿಗದಿದ್ದರೆ ದಿನಾ ಎರಡು ಬಸ್ಸು ಬದಲಾಯಿಸಿ ಓಡಾಡಬೇಕು. ಅಷ್ಟು ದೂರ ಹುಡುಗಿಯನ್ನು ಒಬ್ಬಳನ್ನೇ ಕಳಿಸಲು ಅಂಜನಮ್ಮ ಸುತರಾಂ ಒಪ್ಪುವವಳಲ್ಲ. ಹಾಗಾದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು, ತೋಟದ ಕೂಲಿಗೆ ಆ ಮನೆಯಿಂದ ಮೂರನೆಯ ಆಳು ಹೊರಡುತ್ತಿತ್ತು.

ಅರ್ಜಿಯಲ್ಲಿ ಹೆಸರು, ವಿಳಾಸ, ಆಧಾರ್ ಸಂಖ್ಯೆ ಎಲ್ಲ ಆದ ಮೇಲೆ ಒಂಬತ್ತನೆಯ ಕಾಲಂ ಇತ್ತು. ಮಗುವಿನ ಸಾಮರ್ಥ್ಯ ಮತ್ತು ಆಸಕ್ತಿಗಳ ಬಗ್ಗೆ ಪೋಷಕರು ತಮ್ಮ ಮಾತಿನಲ್ಲೇ ಬರೆಯಬೇಕು ಎಂದಿತ್ತು. ಗಂಡ ಹೆಂಡತಿ ಇಬ್ಬರೂ ಅದನ್ನು ಶ್ರೀನಿವಾಸಪ್ಪನವರ ಮುಂದಿಟ್ಟರು. ಅವರು ಮೂವತ್ತು ವರ್ಷಗಳಿಂದ ಪಿಂಚಣಿಗೆ, ರೇಷನ್ ಕಾರ್ಡಿಗೆ, ಪಹಣಿ ತಿದ್ದುಪಡಿಗೆ ಅರ್ಜಿ ಬರೆದುಕೊಟ್ಟು ಕೈ ಪಳಗಿದವರು. ಯಾವ ಕಾಲಂ ಬಂದರೂ ಅವರ ಪೆನ್ನಿಗೆ ಬರುವುದು ಒಂದೇ ಮಾತು. "ಮಾನ್ಯರೇ, ನಾವು ಕಡುಬಡವರು, ಕೂಲಿಯೇ ಆಧಾರ. ಹಿರಿಯ ಮಗಳು ಕಲ್ಪನ ಮೂರು ವರ್ಷಗಳ ಹಿಂದೆ ತೀರಿಕೊಂಡಿರುತ್ತಾಳೆ. ಈ ಮಗುವಿಗೆ ಏನೂ ಬರುವುದಿಲ್ಲ. ದಯಮಾಡಿ ಸೀಟು ಕೊಟ್ಟು ಕಾಪಾಡಬೇಕು." ಏನೂ ಬರುವುದಿಲ್ಲ ಎನ್ನುವ ಸಾಲನ್ನು ಮಾತ್ರ ಅಂಜನಮ್ಮ ತಾನೇ ಹೇಳಿ ಸೇರಿಸಿದಳು.

ಶಾಲೆಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದವರು ಭಾರ್ಗವಿ ಮೇಡಂ. ಒಂಬತ್ತನೆಯ ಕಾಲಂ ಓದಿ ಅವರು ಅರ್ಜಿಯನ್ನು ಅಂಜನಮ್ಮನ ಕಡೆ ತಿರುಗಿಸಿದರು. ಆಮೇಲೆ ಹೇಳಿದರು, "ಇದರಲ್ಲಿ ನಿಮ್ಮ ಕಷ್ಟ ಇದೆ ಅಮ್ಮ. ಮಗು ಎಲ್ಲಿದೆ?" ಬೇರೊಂದು ಅರ್ಜಿ ಕೊಟ್ಟು, ಮಗು ಎಂಥದೆಂದು ತಿಳಿದರೆ ತಾನೇ ನಾವು ಕಲಿಸಲು ಅನುಕೂಲ, ಶುಕ್ರವಾರದೊಳಗೆ ಬರೆಸಿ ತನ್ನಿ, ಆಮೇಲೆ ತೆಗೆದುಕೊಳ್ಳುವುದಿಲ್ಲ ಎಂದರು. ಪಕ್ಕದಲ್ಲಿ ನಿಂತಿದ್ದ ಬಿಂದುಶ್ರೀಯನ್ನೂ ಮಾತಾಡಿಸಿ, ನಿನಗೆ ಏನು ಇಷ್ಟ ಎಂದು ಕೇಳಿದರು. ಹುಡುಗಿ ಒಂದು ಸಲ ತಾಯಿಯ ಮುಖ ನೋಡಿ, "ನಂಗೇನೂ ಬರಲ್ಲ ಮಿಸ್" ಎಂದಳು. ಆ ಗಳಿಗೆಯಲ್ಲಿ ಅಂಜನಮ್ಮನಿಗೆ ಸಮಾಧಾನವೇ ಆಯಿತು. ಸದ್ಯ, ಯಾರ ಕಣ್ಣೂ ಬೀಳಲಿಲ್ಲ ಎಂದುಕೊಂಡಳು.

ಬುಧವಾರ ಮಧ್ಯಾಹ್ನ ಮುನಿರಾಜು ಕೂಲಿಗೆ ಹೋದ ಮೇಲೆ ಅಂಜನಮ್ಮ ಹೊಸ ಅರ್ಜಿ ಹಿಡಿದು ಅಂಗನವಾಡಿಗೆ ಹೋದಳು. ಅಲ್ಲಿಯ ಟೀಚರ್ ಆಶಾರಾಣಿ ಚಿನ್ನದ ಗಣಿ ಕಾರ್ಮಿಕರ ನಂದಿದುರ್ಗ ಕಾಲೊನಿಯ ಲೈನ್ ಮನೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ಮನೆಮಾತು ತಮಿಳು, ಆದರೆ ಊರಿನ ಅರ್ಧ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವರು ಅವರೇ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ತಾಯಿಯ ಜೊತೆ ಬಂದಿದ್ದ ಬಿಂದುಶ್ರೀ ಬಾಗಿಲ ಬಳಿ ಕೂತು ಚಾಪೆ ಸುತ್ತಿಡುತ್ತಿದ್ದಳು.

ಚೆನ್ನಾಗಿರುವುದು ಏನಾದರೂ ನೀವೇ ಬರೆದುಬಿಡಿ ಎಂದಳು ಅಂಜನಮ್ಮ. ಜಾಣೆ, ವಿಧೇಯಳು ಎಂದು ಯಾರ ಮಗುವಿಗೆ ಬೇಕಾದರೂ ಬರೆಯಬಹುದು, ಅದನ್ನು ಓದಿದವರಿಗೆ ಬಿಂದು ಹೇಗೆ ಗೊತ್ತಾಗುತ್ತಾಳೆ ಎಂದು ಆಶಾರಾಣಿ ಒಪ್ಪಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅವಳು ಏನೇನು ಮಾಡುತ್ತಾಳೆ, ಯಾರೂ ಹೇಳದಿದ್ದರೂ ತಾನಾಗಿ ಮಾಡುವ ಕೆಲಸ ಯಾವುದು, ನೀನು ಕಂಡದ್ದನ್ನು ಹೇಳು ಎಂದರು. ಅಂಜನಮ್ಮ ಸೆರಗಿನ ತುದಿ ತಿರುವುತ್ತಾ ಕೂತಳು.

"ಎತ್ತೋಳ ಬಾಯಲ್ಲೇ ಒಗಳಿಸ್ಕಂಡ್ರೆ ಮಗ ಉಳೀತದಾ ಟೀಚರಮ್ಮ?" ಎಂದಳು ಕೊನೆಗೆ. "ಒಂದ್ಸಲ ಒಗಳಿದ್ದಕ್ಕೇ ಆಗಿದ್ದು ಸಾಲ್ದಾ ನಂಗೆ?"

ಕಲ್ಪನ ಒಳ್ಳೆಯ ಹಾಡುಗಾರ್ತಿ. ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದಳು, ಊರೆಲ್ಲ ಚಪ್ಪಾಳೆ ತಟ್ಟಿತು. ಮರುದಿನ ನೀರಿನ ಟ್ಯಾಂಕಿನ ಹತ್ತಿರ ಅಂಜನಮ್ಮ ಬಿಂದಿಗೆ ಕೆಳಗಿಟ್ಟು, ನನ್ನ ಮಗಳ ಹಾಗೆ ಹಾಡುವವರು ಈ ಹೋಬಳಿಯಲ್ಲೇ ಇಲ್ಲ ಎಂದು ಎಲ್ಲರೆದುರು ಹೇಳಿಕೊಂಡಿದ್ದಳು. ಎಂಟು ದಿನಕ್ಕೆ ಜ್ವರ ಬಂತು. ಸುಮ್ಮನೆ ಜ್ವರ ಎಂದು ಮೂರು ದಿನ ಮನೆಯಲ್ಲೇ ಇಟ್ಟುಕೊಂಡರು, ನಾಲ್ಕನೆಯ ದಿನ ಆಸ್ಪತ್ರೆಗೆ ಕರೆದೊಯ್ದರು. ಆರನೆಯ ದಿನ ಮಗು ಇಲ್ಲ. ಅವತ್ತಿನಿಂದ ಅಂಜನಮ್ಮ ಉಳಿದೊಬ್ಬಳ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ. ಕಲ್ಪನಳ ಹೆಸರನ್ನೂ ಎತ್ತಿರಲಿಲ್ಲ.

ಆಶಾರಾಣಿ ಅವಳ ಕೈ ಹಿಡಿದುಕೊಂಡರು. "ಅಂಜನಕ್ಕ, ಆ ವರ್ಷ ನಿಮ್ ಬೀದೀಲಿ ನಾಲ್ಕು ಮನೇಲಿ ಡೆಂಗಿ ಬಂತು. ಡ್ರಮ್ಮಿನ ನೀರಲ್ಲಿ ಹುಳ ತೋರಿಸ್ದೋಳು ನಾನೇ. ಅವರನ್ನೆಲ್ಲ ಯಾರು ಹೊಗಳಿದ್ರು? ಕಲ್ಪನ ನಿನ್ ಬಾಯಲ್ಲಿ ಒಳ್ಳೆ ಮಾತು ಕೇಳಿಸ್ಕೊಂಡು ಹೋದ್ಲು. ಇವಳು ಅದೊಂದೂ ಕೇಳ್ದೆ ಬದುಕ್ತಾ ಇದಾಳೆ."

ಅಂಜನಮ್ಮನಿಗೆ ಆ ಮಾತು ಸೇರಲಿಲ್ಲ. ಓದಿದವರು ಹೀಗೇ ಹೇಳುವುದು ಎನ್ನುತ್ತಾ ಎದ್ದು ನಿಂತಳು. ಆಗ ಬಾಗಿಲ ಬಳಿಯಿಂದ ಬಿಂದುಶ್ರೀ, ಚಾಪೆಯ ಮೇಲಿನ ಕಣ್ಣು ಎತ್ತದೆ ಹೇಳಿದಳು.

"ಅಕ್ಕನ ಬದ್ಲು ನಾನು ಓಗಿದ್ರೆ ಚೆನ್ನಾಗಿರ್ತಿತ್ತು ಅಂತ ನಿಂಗೆ ಅನ್ಸುತ್ತೆ ಅಂದ್ಕೊಂಡಿದ್ದೆ ಅಮ್ಮ. ಅಕ್ಕಂಗೆ ಆಡೋಕೆ ಬತ್ತಿತ್ತು. ನಂಗೇನೂ ಬರಲ್ವಲ್ಲ, ಅದಕ್ಕೆ."

ಹನ್ನೊಂದು ವರ್ಷದ ಮಗು ಇದನ್ನು ಮೂರು ವರ್ಷ ಎದೆಯಲ್ಲಿಟ್ಟುಕೊಂಡು ಉಂಡಿತ್ತು, ಮಲಗಿತ್ತು, ಶಾಲೆಗೆ ಹೋಗಿ ಬಂದಿತ್ತು. ಅಂಜನಮ್ಮ ಮತ್ತೆ ನೆಲದ ಮೇಲೆ ಕೂತಳು. ಕಲ್ಪನ ಹೋದ ದಿನ ಅತ್ತ ಹಾಗೆ ಅತ್ತಳು. ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡು, ನೀನು ಬೇಡದವಳು ಎಂದು ದಿನಾ ಅವಳ ಕಿವಿಗೆ ಹಾಕುತ್ತಾ ಬಂದಿದ್ದಳಲ್ಲ, ಆ ಸಂಕಟಕ್ಕೆ ಅತ್ತಳು. ಬಿಂದುಶ್ರೀ ಎದ್ದು, ಹತ್ತಿರ ಬರಲೋ ಬೇಡವೋ ಎಂದು ಅಲ್ಲೇ ನಿಂತಿದ್ದಳು. ಅಂಜನಮ್ಮನೇ ಎಳೆದು ಮಡಿಲಲ್ಲಿ ಕೂರಿಸಿಕೊಂಡಳು.

ಕಣ್ಣು ಒರೆಸಿಕೊಂಡು, "ಬರ್ಕೊಳ್ಳಿ ಟೀಚರಮ್ಮ, ಏಳ್ತೀನಿ" ಎಂದಳು.

ಅವಳು ಹೇಳುತ್ತಾ ಹೋದಂತೆ ಆಶಾರಾಣಿಗೆ ಬರೆಯಲು ಪುರುಸೊತ್ತಿಲ್ಲದಂತಾಯಿತು. ಬಾಯಿ ಮುಚ್ಚಿಕೊಂಡಿದ್ದಳೇ ಹೊರತು ಅಂಜನಮ್ಮ ಕಣ್ಣು ಮುಚ್ಚಿಕೊಂಡಿರಲಿಲ್ಲ. ಅತ್ತೆ ವೆಂಕಟರತ್ನಮ್ಮನಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ಆರೋಗ್ಯ ಕೇಂದ್ರಕ್ಕೆ ಹಾವೇರಿ ಕಡೆಯಿಂದ ಹೊಸದಾಗಿ ಬಂದ ನರ್ಸಮ್ಮನಿಗೆ ತೆಲುಗು ತಿಳಿಯದು. ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿ, ನರ್ಸಮ್ಮ ಹೇಳಿದ್ದನ್ನು ತೆಲುಗಿನಲ್ಲಿ ದಾಟಿಸುವವಳು ಬಿಂದುಶ್ರೀ. ಬೆಳಗಿನ ಮಾತ್ರೆಯ ಪೊಟ್ಟಣಕ್ಕೆ ಕೆಂಪು ದಾರ, ರಾತ್ರಿಯದಕ್ಕೆ ನೀಲಿ ದಾರ ಕಟ್ಟಿ ಅಜ್ಜಿಗೆ ಗುರುತು ಮಾಡಿಕೊಟ್ಟಿದ್ದಾಳೆ. ಗಣಿ ಕಡೆಯ ಊರಿಗಾಂನಿಂದ ಬರುವ ಪಾತ್ರೆಯವನ ಹತ್ತಿರ ತಮಿಳಿನಲ್ಲೇ ಚೌಕಾಸಿ ಮಾಡುತ್ತಾಳೆ. ಇಷ್ಟು ದಿನ ಇದಕ್ಕೆಲ್ಲ ಅಂಜನಮ್ಮ ಇಟ್ಟಿದ್ದ ಹೆಸರು ಬಾಯಿಬಡುಕತನ.

ಕಷ್ಟವಾದದ್ದನ್ನೂ ಬರೆಸು, ಆಗ ತಾನೇ ಅವರು ಕೈ ಹಿಡಿದು ಕಲಿಸುವುದು ಎಂದರು ಆಶಾರಾಣಿ. ಭಾಗಾಕಾರ ಇನ್ನೂ ಬರುವುದಿಲ್ಲ, ಹೊಸಬರ ಮುಂದೆ ನಾಚಿಕೆ, ಎಂದು ಬರೆಸಿದಳು. ಆಮೇಲೆ ಟೀಚರ್ ಬಿಂದುಶ್ರೀಯ ಕಡೆ ತಿರುಗಿ, ನಿನಗೆ ಏನು ಇಷ್ಟ ಎಂದು ಕೇಳಿದರು. ಹುಡುಗಿ ಮತ್ತೆ ತಾಯಿಯ ಮುಖ ನೋಡಿದಳು. "ಟೀಚರಮ್ಮಂಗೆ ಏಳು ಮಗ" ಎಂದಳು ಅಂಜನಮ್ಮ. ಒಂದು ಮಾತ್ರೆ ಊಟಕ್ಕೆ ಮುಂಚೆ, ಇನ್ನೊಂದು ಊಟವಾದ ಮೇಲೆ ಯಾಕೆ ಎಂದು ತಿಳಿದುಕೊಳ್ಳುವ ಆಸೆ ಎಂದಳು ಬಿಂದುಶ್ರೀ. ಅದೂ ಕಾಲಂ ಸೇರಿತು.

ಹೊರಡುವಾಗ ಅಂಜನಮ್ಮ ಕಣ್ಣಿನ ಕಾಡಿಗೆಯನ್ನು ಬೆರಳಿಗೆ ತೆಗೆದು ಮಗಳ ಕಿವಿಯ ಹಿಂದೆ ಒಂದು ಬೊಟ್ಟಿಟ್ಟಳು. ಆಮೇಲೆ ಟೀಚರ್ ಏನಂದಾರೋ ಎಂದು ಹೆದರಿ ನೋಡಿದಳು. "ಇಡಕ್ಕ, ಬೊಟ್ಟು ಇಟ್ಕೊಂಡೇ ಹೇಳು" ಎಂದು ಆಶಾರಾಣಿ ನಕ್ಕರು.

ಶುಕ್ರವಾರ ಭಾರ್ಗವಿ ಮೇಡಂ ಆ ಕಾಲಂ ಅನ್ನು ಗಟ್ಟಿಯಾಗಿ ಓದಿದರು. ಕೆಂಪು ದಾರ, ನೀಲಿ ದಾರದ ಮಾತು ಬಂದಾಗ ಮುನಿರಾಜು ಮುಖ ಆ ಕಡೆ ತಿರುಗಿಸಿಕೊಂಡ. ಅವನಿಗೆ ಅದು ಗೊತ್ತೇ ಇರಲಿಲ್ಲ. ಮೇಡಂ ಬಿಂದುಶ್ರೀಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು, ಅವಳು ನಾಚುತ್ತಲೇ ನಾಲ್ಕಕ್ಕೂ ಉತ್ತರ ಹೇಳಿದಳು. ಮೂರು ವಾರಕ್ಕೆ ಪಟ್ಟಿ ಬಂತು, ಅದರಲ್ಲಿ ಅವಳ ಹೆಸರಿತ್ತು. ಅಂದು ಸಂಜೆ ಅಂಜನಮ್ಮ ಕಲ್ಪನಳ ಫೋಟೋ ಒರೆಸಿ ಹೂವಿಟ್ಟಳು. ಎಷ್ಟು ಚೆನ್ನಾಗಿ ಹಾಡುತ್ತಿದ್ದೆ ನನ್ನವ್ವ, ನಿನ್ನ ತಂಗಿ ಶಾಲೆಗೆ ಹೊರಟಳು ಎಂದು ಅದರ ಮುಂದೆ ಕೂತು ಬಹಳ ಹೊತ್ತು ಮಾತಾಡಿದಳು. ಅಳು ನಿಂತಿರಲಿಲ್ಲ, ಆದರೆ ಮೂರು ವರ್ಷದಿಂದ ಮುಚ್ಚಿದ್ದ ಬಾಯಿ ಬಿಚ್ಚಿತ್ತು.

ಬಿಂದುಶ್ರೀ ಆ ಅರ್ಜಿಯದೊಂದು ಜೆರಾಕ್ಸ್ ಕೇಳಿ ಪಡೆದಿದ್ದಳು. ಹಾಸ್ಟೆಲ್ಲಿನ ಪೆಟ್ಟಿಗೆಯಲ್ಲಿ, ಬಟ್ಟೆಗಳ ಕೆಳಗೆ, ಅದು ಈಗಲೂ ಇದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾಳೆ, "ಇದು ನಮ್ಮಮ್ಮ ಹೇಳಿದ್ದು."

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಗೂ ಇಂಥ ಅರ್ಜಿ ಬರುತ್ತದೆ. ಆ ಕಾಲಂನಲ್ಲಿ ನಿಮ್ಮ ಬಡತನ ಬರೆಯಬೇಡಿ, ಇಲ್ಲದ ಗುಣವನ್ನೂ ಬರೆಯಬೇಡಿ. ಮಗು ಮಾಡುವುದನ್ನು ನೀವು ಕಣ್ಣಾರೆ ಕಂಡದ್ದು ಬರೆಯಿರಿ, ಅದಕ್ಕೆ ಯಾವುದು ಕಷ್ಟವೆಂದೂ ಬರೆಯಿರಿ, ಅದರ ಆಸೆ ಏನೆಂದು ಅದನ್ನೇ ಕೇಳಿ ಬರೆಯಿರಿ. ಬರೆಯಲು ಬಾರದಿದ್ದರೆ ಅಂಗನವಾಡಿಗೋ ಶಾಲೆಗೋ ಹೋಗಿ ಬರೆಸಿ. ಆದರೆ ಮಾತು ನಿಮ್ಮದೇ ಇರಲಿ. ಅರ್ಜಿ ಬರುವ ತನಕ ಕಾಯಲೂ ಬೇಡಿ. ದೃಷ್ಟಿಯ ಭಯವಿದ್ದರೆ ಕಿವಿಯ ಹಿಂದೆ ಒಂದು ಬೊಟ್ಟಿಟ್ಟು, ಇವತ್ತೇ ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದಕ್ಕೆ ಏನೇನು ಬರುತ್ತದೆ ಎಂದು ಅದಕ್ಕೆ ಹೇಳಿ. ಅದು ಎಷ್ಟು ದಿನದಿಂದ ಕಾಯುತ್ತಿದೆಯೋ ನಿಮಗೆ ಗೊತ್ತಿಲ್ಲ.