ನಾಲ್ಕು ಬೆರಳಗಲ

ಬಟ್ಟಲಿನ ಬಿಸಿನೀರಿಗೆ ಕೈ ಅದ್ದಿದ್ದ ಆಸ್ಪತ್ರೆಯ ಕ್ಷೌರಿಕ, ಮಂಚದ ಮೇಲಿನ ತಲೆಯನ್ನು ನೋಡಿ ಹಾಗೇ ನಿಂತುಬಿಟ್ಟ. ಪೇಟ ಬಿಚ್ಚಿದ್ದರು. ನೆತ್ತಿಯ ಗಂಟು ಸಡಿಲಿ ಕೂದಲು ದಿಂಬು ದಾಟಿ ಮಂಚದಂಚಿಗೆ ಇಳಿಬಿದ್ದಿತ್ತು. ಆಪರೇಷನ್‌ಗೆ ಮುಂಚೆ ತಲೆ ಬೋಳಿಸುವ ಕೆಲಸದಲ್ಲಿ ಅವನಿಗೆ ಇಪ್ಪತ್ತಾರು ವರ್ಷ. ಕೈ ಹಿಂದೆಗೆದದ್ದು ಇದೇ ಮೊದಲು.

ರೋಗಿ ಸಿಖ್ ಬಡಗಿ. ಬೆಳಿಗ್ಗೆ ಮಾಡಿಗೆ ತೊಲೆ ಕೂರಿಸುವಾಗ ಕಾಲು ಜಾರಿ ಬಿದ್ದು, ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಪ್ರಜ್ಞೆ ತಪ್ಪಿತ್ತು. ತಲೆಯ ಹತ್ತಿರ ಅವನ ಹೆಂಡತಿ ನಿಂತಿದ್ದಳು.

“ಎಷ್ಟು ತೆಗೀತೀರಾ ಅಣ್ಣ?”

“ಪೂರ್ತಿ, ತಂಗಿ. ಇಲ್ಲಿ ಹಾಗೇ ರೂಢಿ.”

ಅವಳು ಅಳಲಿಲ್ಲ. “ಹುಟ್ಟಿದಾಗಿಂದ ಕತ್ತರಿ ತಾಗಿಲ್ಲ. ದೇವರು ಕೊಟ್ಟಿದ್ದನ್ನ ಕೊಟ್ಟ ಹಾಗೇ ಇಟ್ಕೋಬೇಕು ಅಂತ. ತಲೆ ಹೋದ್ರೂ ಸರಿ, ಕೂದಲು ಹೋಗಬಾರದು ಅನ್ನೋರು ಇವರು.” ಗಂಡನ ಹಣೆ ಮುಟ್ಟಿ, “ನನಗೆ ತಲೆ ಬೇಕು ಅಣ್ಣ,” ಎಂದಳು.

ಕ್ಷೌರಿಕ ಕೈ ಒರೆಸಿಕೊಂಡ. ಆಪರೇಷನ್ ಮಾಡಬೇಕಿದ್ದ ಡಾಕ್ಟರಮ್ಮನ ಕೋಣೆಗೆ ಹೋದ. ಇಷ್ಟು ವರ್ಷಗಳಲ್ಲಿ ಆ ಬಾಗಿಲನ್ನು ಅವನು ತಟ್ಟಿದವನಲ್ಲ.

“ಮೇಡಂ, ಕೊಯ್ಯೋದು ಎಷ್ಟುದ್ದ?”

“ಯಾಕೆ, ನೀನೇ ಕೊಯ್ತೀಯಾ?”

“ಅಷ್ಟೇ ಜಾಗ ಬೋಳಿಸಿದ್ರೆ ಸಾಲಲ್ವಾ ಅಂತ. ಅವರಿಗದು ಬರೀ ಕೂದಲಲ್ಲ.”

 ಡಾಕ್ಟರಮ್ಮ ಎದ್ದು ಬಂದು ಅವನ ಬೋಳುತಲೆಯ ಮೇಲೇ ಬೆರಳಾಡಿಸಿ ತೋರಿಸಿದರು. “ಕಿವಿ ಮೇಲಿಂದ ಹೀಗೆ, ನಾಲ್ಕು ಬೆರಳಗಲ. ಕೊಯ್ಯುವಾಗ ಅಷ್ಟು ಜಾಗ ಸಾಲದಿದ್ರೆ ಮಿಕ್ಕ ಕೂದಲೂ ಹೋಗುತ್ತೆ. ಆಕೆ ಒಪ್ಪಬೇಕು.”

ಕ್ಷೌರಿಕ ಬಂದು ಹೇಳಿದಾಗ ಹೆಂಡತಿ ಗಂಡನ ಮುಖ ನೋಡುತ್ತಾ ಹೂಂ ಅಂದಳು. ಲೋಹದ್ದೇನೂ ಮೈಮೇಲೆ ಇರಬಾರದೆಂದು ನರ್ಸ್ ಹೇಳಿದಳು. ಹೆಂಡತಿ ಗಂಡನ ಕೈಗೆ ಸಾಬೂನು ಸವರಿ ಕಬ್ಬಿಣದ ಕಡಗವನ್ನು ಮೆಲ್ಲಗೆ ಜಾರಿಸಿದಳು. “ಕೈ ತಪ್ಪು ಕೆಲಸಕ್ಕೆ ಹೋದ್ರೆ ಇದು ಕಣ್ಣಿಗೆ ಬೀಳಲಿ ಅಂತ,” ಎಂದು ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು. ಎದೆಗೆ ಅಡ್ಡವಾಗಿದ್ದ ಪಟ್ಟಿಯಿಂದ ಗೇಣುದ್ದದ ಕಿರ್ಪಾಣ ತೆಗೆದಳು.

“ಕತ್ತಿ ಯಾಕಮ್ಮಾ?” ನರ್ಸ್ ಕೇಳಿದಳು.

“ಹೊಡೆಯೋಕಲ್ಲ. ಯಾರಾದ್ರೂ ಏಟು ತಿಂತಿದ್ರೆ ಅಡ್ಡ ನಿಲ್ಲೋಕೆ.” ಆಮೇಲೆ ಹೊದಿಕೆಯತ್ತ ತೋರಿಸಿ, “ಒಳಗಿನ ಚಡ್ಡಿ ಮಾತ್ರ ಹಾಗೇ ಇರಲಿ, ನಮ್ಮೋರು ಮೈಯಿಂದ ಬಿಡಬಾರದ ಐದರಲ್ಲಿ ಅದೂ ಒಂದು,” ಎಂದಳು. ನರ್ಸ್ ತಲೆಯಾಡಿಸಿದಳು.

ಕೊನೆಗೆ ಗಂಡನ ಮುಡಿಯಿಂದ ಮರದ ಬಾಚಣಿಗೆ ತೆಗೆದು ಅವಳೇ ಬಾಚಿದಳು. ಎಳೆಗೆ ಸಿಕ್ಕಿದ್ದ ಮರದ ಹೊಟ್ಟು ದಿಂಬಿನ ಮೇಲೆ ಉದುರಿತು. ಕ್ಷೌರಿಕ ಅಷ್ಟೇ ಅಷ್ಟನ್ನು ಬೋಳಿಸಿದ, ತನ್ನ ನಾಲ್ಕು ಬೆರಳನ್ನು ಮತ್ತೆ ಮತ್ತೆ ಇಟ್ಟು ಅಳೆದು. ಬಿದ್ದದ್ದನ್ನು ಎಂದಿನಂತೆ ಬುಟ್ಟಿಗೆ ಹಾಕದೆ ಒಗೆದ ಟವೆಲಿನಲ್ಲಿ ಮಡಚಿ ಅವಳ ಕೈಗಿತ್ತ. ಉಳಿದದ್ದನ್ನು ಅವಳು ಬಿಗಿಯಾಗಿ ಹೆಣೆದಳು.

ಮಿಕ್ಕ ಕೂದಲಿಗೆ ಕೈ ಹಾಕುವ ಪ್ರಮೇಯ ಬರಲಿಲ್ಲವೆಂದು ಮಧ್ಯಾಹ್ನ ಡಾಕ್ಟರಮ್ಮನೇ ಅವನನ್ನು ಕರೆದು ಹೇಳಿದರು.

ಒಂಬತ್ತನೆಯ ದಿನ, ಪಕ್ಕದ ಮಂಚದ ಮುದುಕನಿಗೆ ಗಡ್ಡ ಹೆರೆಯಲು ಕ್ಷೌರಿಕ ವಾರ್ಡಿಗೆ ಬಂದ. ಬಡಗಿಗೆ ಹಿಂದಿನ ಸಂಜೆಯಷ್ಟೇ ಪೂರ್ತಿ ಎಚ್ಚರವಾಗಿತ್ತು. ಅವನ ಕೈ ಬ್ಯಾಂಡೇಜಿನ ಅಂಚಿಗೆ ಹೋಗಿ, ಬೋಳಾದ ಜಾಗ ತಾಗುತ್ತಲೇ ನಿಂತಿತು.

ಕ್ಷೌರಿಕ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, “ಯಾರನ್ನೂ ಬೈಬೇಡಿ. ನಾನೇ ಹೂಂ ಅಂದೆ,” ಎಂದಳು.

ಬಡಗಿ ಗೋಡೆಯತ್ತ ಮುಖ ತಿರುಗಿಸಿದ.  ಮುದುಕನ ಒಂದು ಕೆನ್ನೆ ಮುಗಿದು, ಇನ್ನೊಂದೂ ಮುಗಿಯುತ್ತಾ ಬಂತು. ಅವಳು ಮಂಚದ ಪಕ್ಕ ನಿಂತೇ ಇದ್ದಳು.

ಆಮೇಲೆ ಬಡಗಿ, ನೋವಿಗೆ ಹಲ್ಲು ಕಚ್ಚಿ, ಒಂದೊಂದೇ ಕಾಲು ಮಡಚಿ ಗೋಡೆಯತ್ತ ಸರಿದ. ಅವಳು ನಿಂತಿದ್ದ ಕಡೆ ಮಂಚದಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.